ನಮ್ಮ ಹಳೇ ಬೊಲೆರೊ ಪಿಕಪ್: ಎಂಟು ಮಳೆಗಾಲ ಓಡಿಸಿದ ಮೇಲೆ

2017ರಲ್ಲಿ ಶಿವಮೊಗ್ಗದ ಅಡಿಕೆ ವ್ಯಾಪಾರಿಯೊಬ್ಬರಿಂದ ಈ ಮಹೀಂದ್ರ ಬೊಲೆರೊ ಪಿಕಪ್ ತಗೊಂಡೆ. 2008ರ ಮಾಡೆಲ್. 1.40 ಲಕ್ಷ ಕೊಟ್ಟೆ. ನಮ್ಮದು ತೀರ್ಥಹಳ್ಳಿ ಕಡೆ ಮೂರೂವರೆ ಎಕರೆ ಅಡಿಕೆ ತೋಟ. ಇಷ್ಟು ತೋಟ ಇಟ್ಟುಕೊಂಡು ಹೊಸ ಗಾಡಿಗೆ ತಿಂಗಳು ತಿಂಗಳು ಕಂತು ಕಟ್ಟಲು ಆಗುವುದಿಲ್ಲ. ಹಾಗಾಗಿ ಹಳೆಯದನ್ನೇ ತಂದು, ಮನೆಯ ಕೊಟ್ಟಿಗೆ ಪಕ್ಕದಲ್ಲಿ ಒಂದು ಮಾಡು ಇಳಿಸಿ, ಅಲ್ಲೇ ರಿಪೇರಿ ಮಾಡಿಕೊಂಡು ಓಡಿಸುತ್ತಿದ್ದೇನೆ. ನನ್ನ ಹಾಗೆ ಯೋಚನೆ ಮಾಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಎಂಜಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ 2523 ಸಿಸಿ ಡಿಐ ಎಂಜಿನ್ ಮಲೆನಾಡಿನವರಿಗೆಲ್ಲ ಗೊತ್ತು. ಶಬ್ದ ಜಾಸ್ತಿ, ಹೊಗೆ ಸ್ವಲ್ಪ ಇದೆ, ಲೀಟರಿಗೆ ನನಗೆ 11 ಕಿಲೋಮೀಟರ್ ಕೊಡುತ್ತಿದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಂದು ಸಲ ಘಾಟಿಯಲ್ಲಿ ಡೀಸೆಲ್ ಖಾಲಿಯಾಗಿ ಪೈಪಿನಲ್ಲಿ ಏರ್ (ಗಾಳಿ) ಹಿಡಿಯಿತು. ಕ್ಯಾನಿನಲ್ಲಿ ಡೀಸೆಲ್ ತಂದು ಹಾಕಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಿದೆ. ಹತ್ತು ನಿಮಿಷದಲ್ಲಿ ಸ್ಟಾರ್ಟ್ ಆಯಿತು. ಒಂದು ಸ್ಪ್ಯಾನರ್ ಇದ್ದರೆ ದಾರಿಯಲ್ಲೇ ಸರಿ ಮಾಡಿಕೊಳ್ಳಬಹುದಾದ ಗಾಡಿ ಇದು. ನನಗೆ ಅದೇ ದೊಡ್ಡದು.

ಬೆಳಿಗ್ಗೆ ಗಾಡಿ ತೆಗೆಯುವ ಮೊದಲಿನ ಹತ್ತು ನಿಮಿಷ ನನಗೆ ತುಂಬಾ ಇಷ್ಟ. ರಾತ್ರಿ ನಿಲ್ಲಿಸುವಾಗ ಎಂಜಿನ್ ಕೆಳಗೊಂದು, ಗೇರ್‌ಬಾಕ್ಸ್ ಕೆಳಗೊಂದು, ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಹೌಸಿಂಗ್ ಕೆಳಗೊಂದು ಅಡಿಕೆ ಹಾಳೆ ಇಟ್ಟಿರುತ್ತೇನೆ. ಬೆಳಿಗ್ಗೆ ಎದ್ದು ಕಾಫಿ ಲೋಟ ಹಿಡಿದುಕೊಂಡೇ ಹೋಗಿ ಒಂದೊಂದೇ ಹಾಳೆ ಎಳೆದು ನೋಡುವುದು. ಕಪ್ಪು ಹನಿ ಅಂದರೆ ಎಂಜಿನ್ ಆಯಿಲ್. ದಪ್ಪಗೆ, ಗಂಧಕದ ವಾಸನೆ ಬಂದರೆ ಗೇರ್ ಆಯಿಲ್. ಹಸಿರು ಬಣ್ಣ ಕಂಡರೆ ಕೂಲೆಂಟ್. ಎಣ್ಣೆಯಷ್ಟು ಜಿಡ್ಡಿಲ್ಲದ ತೆಳು ಹನಿ ಚಕ್ರದ ಒಳಬದಿಯಲ್ಲಿ ಕಂಡರೆ ಅವತ್ತು ಗಾಡಿ ತೆಗೆಯುವುದೇ ಇಲ್ಲ, ಅದು ಬ್ರೇಕ್ ಆಯಿಲ್. ಆಮೇಲೆ ಹಳೇ ಪಂಚೆ ತುಂಡಿನಲ್ಲಿ ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ ನೋಡುವುದು. ರೇಡಿಯೇಟರ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ನೀರು ನೋಡುವುದು. ಹದಿನೈದು ದಿನಕ್ಕೊಮ್ಮೆ ಗ್ರೀಸ್ ಗನ್ ಹಿಡಿದು ಗಾಡಿ ಕೆಳಗೆ ಮಲಗುವುದು. ನಿಪ್ಪಲ್ಲಿಗೆ ಗನ್ ಕಚ್ಚಿಸಿ ಒತ್ತಿದರೆ ಮೊದಲು ಕಪ್ಪು ಹಳೇ ಗ್ರೀಸ್ ಹೊರಗೆ ಬರುತ್ತದೆ, ಆಮೇಲೆ ಹೊಸದು. ಅದನ್ನು ನೋಡುವುದೇ ಒಂದು ಸಮಾಧಾನ.

ಇಷ್ಟೆಲ್ಲ ಚೆನ್ನಾಗಿ ನೋಡಿಕೊಂಡರೂ ಈ ಗಾಡಿಯನ್ನು ಹೆಚ್ಚುಕಡಿಮೆ ಕಳೆದುಕೊಂಡಿದ್ದೆ. ಕಾರಣ ತುಕ್ಕು.

ತಗೊಂಡ ಮರುವರ್ಷ ಪೇಂಟ್ ಮಾಡಿಸಲು ಒಂದು ಶೆಡ್ಡಿಗೆ ಬಿಟ್ಟಿದ್ದೆ. ಟಿಂಕರಿಂಗ್, ಪೇಂಟ್, ಕೆಳಗಡೆ ಕಪ್ಪು ಕೋಟಿಂಗ್, ಎಲ್ಲ ಸೇರಿ 38,000 ರೂಪಾಯಿ. ಗಾಡಿ ಹೊರಗೆ ಬಂದಾಗ ಹೊಸದರ ಹಾಗೆ ಹೊಳೆಯುತ್ತಿತ್ತು. ಮನೆಯವರೆಲ್ಲ ನಿಂತು ಫೋಟೋ ತೆಗೆಸಿಕೊಂಡೆವು. ಒಂದು ವರ್ಷ ಕಳೆಯಿತು. 2019ರ ಜುಲೈಯಲ್ಲಿ ಜೋರು ಮಳೆ. ಕ್ಲಚ್ ತುಳಿಯುವಾಗ ಹಿಮ್ಮಡಿ ಕೆಳಗೆ ಇಳಿದ ಹಾಗಾಯಿತು. ಮ್ಯಾಟ್ ಎತ್ತಿ ನೋಡಿದರೆ ಅಂಗೈ ಅಗಲದ ತೂತು. ಕೆಳಗೆ ರಸ್ತೆ ಕಾಣುತ್ತಿತ್ತು.

ಅವತ್ತು ಸಂಜೆ ಸ್ಕ್ರೂಡ್ರೈವರ್ ಹಿಡಿದು ಕುಟ್ಟುತ್ತಾ ಹೋದೆ. ಎಲ್ಲಿ ಕುಟ್ಟಿದರೂ ಒಳಗೆ ಹೋಗುತ್ತಿತ್ತು. ತುಕ್ಕು ಕೆರೆಯದೆ ಅದರ ಮೇಲೆಯೇ ಪುಟ್ಟಿ (ತಗ್ಗು, ತೂತು ಮುಚ್ಚುವ ಪೇಸ್ಟ್) ಬಳಿದಿದ್ದರು. ಬಾಗಿಲ ಕೆಳಗಿನ ಪುಟ್ಟಿ ಕಿತ್ತಾಗ ಒಳಗೆ ತುರುಕಿದ್ದ ಪೇಪರ್ ಉಂಡೆ ಸಿಕ್ಕಿತು. ಕೆಳಗಿನ ಕಪ್ಪು ಕೋಟಿಂಗನ್ನು ಕೆಸರು ತೊಳೆಯದೆ ಅದರ ಮೇಲೇ ಹೊಡೆದಿದ್ದರು. ಕೋಟಿಂಗಿಗೂ ತಗಡಿಗೂ ನಡುವೆ ನೀರು ನಿಂತು, ಹೊರಗಿನಿಂದ ಏನೂ ಕಾಣದೆ ಒಳಗೊಳಗೇ ತಿಂದುಹಾಕಿತ್ತು. ಏನೂ ಬಳಿಯದೆ ಹಾಗೇ ಬಿಟ್ಟಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲ. ನನಗೆ ದುಡ್ಡಿಗಿಂತ ಜಾಸ್ತಿ ಸಂಕಟ ಆಗಿದ್ದು ಇದಕ್ಕೆ. ಅದೇ ಗಾಡಿಯಲ್ಲಿ ಮಗಳನ್ನು ಶಾಲೆಗೆ ಬಿಡುತ್ತಿದ್ದೆ. ಹಳೇ ಗಾಡಿ ನೋಡಲು ಹೋದಾಗ ಹೊಸ ಪೇಂಟ್ ಕಂಡರೆ ಖುಷಿ ಪಡಬೇಡಿ. ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲ ಕೆಳಗೆ, ಮಡ್‌ಗಾರ್ಡ್ ಅಂಚಿನಲ್ಲಿ ಇಟ್ಟು ನೋಡಿ. ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ.

ಕೋಪ ಇಳಿದ ಮೇಲೆ ಇನ್ನೊಂದು ಪ್ರಶ್ನೆ ಬಂತು. ಕ್ಯಾಬಿನ್ನಿನದು ಸರಿ. ಹಿಂದಿನ ಬಾಡಿ ಯಾಕೆ ಅಷ್ಟು ಹಾಳಾಗಿದೆ? ಶೆಡ್ಡಿನವರು ಅದನ್ನು ಮುಟ್ಟಿರಲೇ ಇಲ್ಲ. ಉತ್ತರ ನಮ್ಮ ಮನೆ ಅಂಗಳದಲ್ಲೇ ಇತ್ತು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇದು ಗೊತ್ತಿರುತ್ತದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಔಷಧಿ ಸರಿಯಾಗಿದೆಯಾ ಅಂತ ನೋಡಲು ಹೊಳೆಯುವ ಚಾಕು ಅದ್ದುತ್ತೇವೆ. ಸುಣ್ಣ ಕಡಿಮೆಯಾಗಿದ್ದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಅಲ್ಲಿ ತಾಮ್ರ ಕೂರುವುದು ಕಬ್ಬಿಣ ಕರಗಿದ್ದಕ್ಕೆ. ನಾನು ಮೈಲುತುತ್ತ ಕರಗಿಸಿದ ನೀರಿನ ಡ್ರಮ್ಮನ್ನು ಪಿಕಪ್ಪಿನಲ್ಲೇ ಇಟ್ಟುಕೊಂಡು ತೋಟದ ತಲೆಗೆ ಹೋಗಿ, ಅಲ್ಲಿ ಸುಣ್ಣ ಸೇರಿಸುತ್ತಿದ್ದೆ. ದಾರಿಯುದ್ದಕ್ಕೂ ನೀಲಿ ನೀರು ತುಳುಕುತ್ತಿತ್ತು. ಚಾಕುವಿಗೆ ಆಗುವುದೇ ಗಾಡಿಗೂ ಆಗುತ್ತದೆ ಅಂತ ಎರಡು ವರ್ಷ ಹೊಳೆಯಲೇ ಇಲ್ಲ. ಜೊತೆಗೆ ಪೊಟ್ಯಾಷ್ ಚೀಲ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಉಪ್ಪಿನ ಜಾತಿಯೇ. ಚೀಲ ಒದ್ದೆಯಾಗಿ ಸೋರಿದರೆ ತಗಡಿಗೆ ಸಮುದ್ರದ ನೀರು ಸುರಿದ ಹಾಗೆ. ಮೇಲಿಂದ, ತಗಡಿಗೆ ಗೀರು ಬೀಳಬಾರದು ಅಂತ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸಿದ್ದೆ. ಅದು ಒದ್ದೆ ಹಿಡಿದುಕೊಂಡು ನವೆಂಬರ್ ತನಕ ಒಣಗುತ್ತಿರಲಿಲ್ಲ.

ತಿಳಿದ ಮೇಲೆ ಮನಸ್ಸು ಸ್ವಲ್ಪ ಹಗುರವಾಯಿತು. ಕಾರಣ ಗೊತ್ತಾದರೆ ತಡೆಯಬಹುದು ಅಲ್ವಾ?

ಕೆಲಸ ಮಾಡಿದ್ದು 2020ರ ಬೇಸಿಗೆಯಲ್ಲಿ. ಲಾಕ್‌ಡೌನ್ ಆಗಿ ಎಲ್ಲೂ ಹೋಗುವ ಹಾಗಿರಲಿಲ್ಲ. ಭಾವನ ಹತ್ತಿರ ಒಂದು ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಇತ್ತು. ಗೇಟು ಬೆಸೆದು ನನಗೆ ರೂಢಿ ಇತ್ತು, ಆದರೆ ಗಾಡಿಯ ತೆಳು ತಗಡು ಬೇರೆಯೇ ಕಥೆ. ರಾಡ್ ಮುಟ್ಟಿಸಿದ ಕೂಡಲೇ ತೂತು ಬೀಳುತ್ತದೆ. ಮೊದಲ ಮೂರು ದಿನ ಇದ್ದ ತೂತನ್ನು ದೊಡ್ಡದು ಮಾಡಿದ್ದೇ ಆಯಿತು. ಆಗ ಭಾವ ಹೇಳಿದ್ದು, "ಹಿಂದುಗಡೆ ತಾಮ್ರ ಒತ್ತಿ ಹಿಡಿ ಮಾರಾಯ, ಅದಕ್ಕೆ ಕಬ್ಬಿಣ ಅಂಟೋದಿಲ್ಲ." ಬಚ್ಚಲಮನೆಯ ಒಡೆದ ತಾಮ್ರದ ಹಂಡೆ ಅಟ್ಟದಲ್ಲಿತ್ತು. ಅದರಲ್ಲಿ ಒಂದು ತುಂಡು ಕತ್ತರಿಸಿ, ಬಡಿದು ಚಪ್ಪಟೆ ಮಾಡಿ, ಪ್ಯಾಚಿನ ಹಿಂದೆ ಒತ್ತಿ ಹಿಡಿದೆ. ತಾಮ್ರ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ತಗಡು ಕರಗಿ ಬೀಳುವುದಿಲ್ಲ. 2 ಎಂಎಂ ರಾಡ್, 50 ಆಂಪಿಯರ್ ಒಳಗೆ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಎದುರು ಮೂಲೆಯಲ್ಲಿ. ಒಂದೇ ಕಡೆ ಸಾಲಾಗಿ ಬೆಸೆದರೆ ತಗಡು ಹಪ್ಪಳದ ಹಾಗೆ ಸೊಟ್ಟ ಆಗುತ್ತದೆ. ನಮ್ಮ ಅಜ್ಜಿ ನೀರು ಕಾಯಿಸುತ್ತಿದ್ದ ಹಂಡೆ ಆ ಬೇಸಿಗೆಯಲ್ಲಿ ಗಾಡಿ ಉಳಿಸಿತು. ಆ ತುಂಡು ಈಗಲೂ ನನ್ನ ಟೂಲ್ ಬಾಕ್ಸಿನಲ್ಲಿದೆ.

ವೆಲ್ಡಿಂಗ್ ಮಾಡುವ ಮುಂಚೆ ಬ್ಯಾಟರಿ ವೈರ್ ಬಿಚ್ಚಿಡಿ. ಡೀಸೆಲ್ ಟ್ಯಾಂಕಿನ ಹತ್ತಿರ ಕೆಲಸ ಇದ್ದರೆ ಟ್ಯಾಂಕ್ ಇಳಿಸಿಯೇ ಮಾಡಿ.

ಪ್ಯಾಚ್ ಆದ ಮೇಲೆ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿ, ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿದೆ. ಕಂದು ಬಣ್ಣ ಕಪ್ಪಗಾಗುತ್ತದೆ. ಅದು ಪೂರ್ತಿ ಒಣಗಿದ ಮೇಲೆ ಎರಡು ಕೋಟ್ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎನಾಮಲ್ ಪೇಂಟ್. ಕಪ್ಪು ಕೋಟಿಂಗ್ ಮತ್ತೆ ಹೊಡೆಯಲಿಲ್ಲ. ತುಕ್ಕು ಬಂದರೆ ನನ್ನ ಕಣ್ಣಿಗೆ ಕಾಣಬೇಕು.

ಬ್ರಷ್ ಹೋಗದ ಪೊಳ್ಳು ಜಾಗಗಳಿವೆ. ಬಾಗಿಲ ಒಳಗೆ, ಬಾಡಿಯ ಅಡ್ಡಪಟ್ಟಿಗಳ ಒಳಗೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಸುಟ್ಟ ಆಯಿಲ್ (ಎಂಜಿನ್ನಿನಿಂದ ತೆಗೆದ ಹಳೇ ಆಯಿಲ್) ಹೊಡೆಸುತ್ತಾರೆ. ನಾನು ಬಿಟ್ಟಿದ್ದೇನೆ. ಅದು ರಬ್ಬರ್ ಬುಷ್ ಹಾಳು ಮಾಡುತ್ತದೆ, ತೊಟ್ಟಿಕ್ಕಿ ಮಳೆನೀರಿನ ಜೊತೆ ಬಾವಿ ಕಡೆ ಹರಿಯುತ್ತದೆ. ಅದರ ಬದಲು ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಹೊಸ ಆಯಿಲ್ ಸೇರಿಸಿ, ಬೆಚ್ಚಗಿರುವಾಗಲೇ ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿನಲ್ಲಿ ಒಳಗೆ ಬಿಡುತ್ತೇನೆ. ಒಳಗಿನ ಗೋಡೆಗೆ ಮೇಣ ಹಿಡಿದು ಕೂರುತ್ತದೆ. ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಈ ಕೆಲಸ.

ಇದನ್ನು ಮಾಡುವಾಗಲೇ ಕಣ್ಣಿಗೆ ಬಿದ್ದಿದ್ದು ಬಾಗಿಲ ಕೆಳಗಿನ ಆ ಸಣ್ಣ ತೂತುಗಳು. ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಹೊರಗೆ ಹೋಗಲಿ ಅಂತ ಕಂಪನಿಯವರೇ ಕೊಟ್ಟಿದ್ದು. ನಮ್ಮ ಗಾಡಿಯಲ್ಲಿ ಎಲ್ಲವೂ ಮುಚ್ಚಿಹೋಗಿದ್ದವು, ಅರ್ಧ ಕೆಸರಿನಿಂದ, ಅರ್ಧ ಶೆಡ್ಡಿನವರ ಪುಟ್ಟಿಯಿಂದ. ಬಾಗಿಲು ಬಕೆಟ್ ಆಗಿತ್ತು. ಮೊದಲ ಸಲ ತೆಂಗಿನ ಗರಿಯ ಕಡ್ಡಿ ಹಾಕಿ ತಿರುವಿದಾಗ ಕಂದು ನೀರು ಸರ್ರನೆ ಇಳಿಯಿತು. ನಿಂತುಕೊಂಡು ನೋಡುತ್ತಲೇ ಇದ್ದೆ. ಈಗ ಮಳೆಗಾಲದಲ್ಲಿ ಪ್ರತಿ ಭಾನುವಾರ ಕಡ್ಡಿ ಹಾಕುವ ಕೆಲಸ ಮಗಳದ್ದು. ಅವಳ ಬೆರಳು ಸಣ್ಣ, ನನಗಿಂತ ಚೆನ್ನಾಗಿ ಮಾಡುತ್ತಾಳೆ. "ಅಪ್ಪಾ, ಎಡಗಡೆ ಎರಡನೇದು ಕಟ್ಟಿದೆ" ಅಂತ ಕೂಗುತ್ತಾಳೆ. ಆಮೇಲೆ ಪೈಪ್ ಹಿಡಿದು ಚಕ್ರದ ಗೂಡು, ಲೀಫ್ ಸ್ಪ್ರಿಂಗ್ ಸಂದು, ಚಾಸಿ ಮೇಲಿನ ಕೆಸರು, ಎಲ್ಲ ತೊಳೆಯುವುದು. ಖರ್ಚು ಏನೂ ಇಲ್ಲ. ಎಂಟು ವರ್ಷದಲ್ಲಿ ಈ ಗಾಡಿಗೆ ನಾನು ಮಾಡಿದ ಎಲ್ಲದಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಈ ತೆಂಗಿನ ಕಡ್ಡಿಯಿಂದ.

ದಬ್ಬೆ ತೆಗೆದುಹಾಕಿದ್ದೇನೆ. ಮೈಲುತುತ್ತ ಈಗ ತೋಟದಲ್ಲೇ ಕರಗಿಸುತ್ತೇವೆ, ಗಾಡಿಯಲ್ಲಿ ಪುಡಿಯ ಚೀಲ ಮಾತ್ರ ಹೋಗುತ್ತದೆ, ಅದೂ ಪ್ಲಾಸ್ಟಿಕ್ ಡಬ್ಬಿಯೊಳಗೆ. ಗೊಬ್ಬರ ಹೊತ್ತ ದಿನ ಸಂಜೆಯೇ ತೊಳೆಯುತ್ತೇವೆ, ಎಷ್ಟೇ ಸುಸ್ತಾಗಿದ್ದರೂ.

ಬಿಡಿಭಾಗದ ತೊಂದರೆ ಅಷ್ಟಾಗಿ ಇಲ್ಲ. ಎಂಜಿನ್, ಬ್ರೇಕ್ ಸಾಮಾನು ಶಿವಮೊಗ್ಗದಲ್ಲೇ ಸಿಗುತ್ತದೆ. ಸಿಗದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ. ಗಾಜು ಏರಿಸುವ ಮೆಷಿನ್ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಅಲ್ಲಿಗೆ ಹೋಗುವಾಗ ಹಳೇ ಸಾಮಾನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಿ ತಗೊಳ್ಳಿ.

ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಮೊದಲೆಲ್ಲ ಆ ದಿನ ಬಂದರೆ ಊಟ ಸೇರುತ್ತಿರಲಿಲ್ಲ. ಈಗ ಲೈಟು, ಹಾರ್ನು, ರಿಫ್ಲೆಕ್ಟರ್ ಪಟ್ಟಿ ಒಮ್ಮೆ ನೋಡಿಕೊಂಡು ಹೊರಡುತ್ತೇನೆ.

ಯಾರಿಗೆ ಹೇಳುತ್ತೇನೆ ಅಂದರೆ, ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸುವವರಿಗೆ, ಮನೆಯಲ್ಲಿ ಮಾಡು ಇರುವವರಿಗೆ, ಭಾನುವಾರ ಗಾಡಿ ಜೊತೆ ಕಳೆಯಲು ಬೇಸರ ಇಲ್ಲದವರಿಗೆ ಧೈರ್ಯವಾಗಿ ತಗೊಳ್ಳಿ. ದಿನಾ ಬಾಡಿಗೆ ಹೊಡೆದು ಬದುಕುವವರಿಗೆ ಬೇಡ. ಒಂದು ದಿನ ಗಾಡಿ ನಿಂತರೆ ಅವತ್ತಿನ ಕೂಲಿ ಹೋಯಿತು. ನನಗೆ ನಿಂತರೂ ನಡೆಯುತ್ತದೆ, ಗೊಬ್ಬರ ನಾಳೆ ಹೋದರಾಯಿತು.

ಈ ವರ್ಷ ಎಡಗಡೆ ಹಿಂದಿನ ಮಡ್‌ಗಾರ್ಡ್ ಅಂಚಿನಲ್ಲಿ ಪೇಂಟ್ ಸಣ್ಣಗೆ ಉಬ್ಬಿದೆ, ಸಾಸಿವೆ ಕಾಳಿನಷ್ಟು. ತಗಡು ಕತ್ತರಿಸಿ ಇಟ್ಟಿದ್ದೇನೆ. ಹಂಡೆ ತುಂಡು ಒರೆಸಿ ಹೊರಗಿಟ್ಟಿದ್ದೇನೆ. ಮಳೆ ಶುರುವಾಗಲು ಇನ್ನೂ ಮೂರು ಭಾನುವಾರ ಇದೆ.