ಮರ್ಲ್ ಒಬೆರಾನ್: ಯಾವ ಸಿನಿಮಾದಿಂದ ಶುರು ಮಾಡಬೇಕು?

ಹಳೇ ಹಾಲಿವುಡ್‌ನ ಸುಂದರಿಯರ ಮಾತು ಬಂದು, ಅದರಲ್ಲಿ ಮರ್ಲ್ ಒಬೆರಾನ್ ಹೆಸರು ಸೇರಿಕೊಂಡರೆ, ಎಲ್ಲರೂ ಹೇಳುವುದು ಒಂದೇ ಸಿನಿಮಾ. ಎಮಿಲಿ ಬ್ರಾಂಟೆ ಕಾದಂಬರಿಯನ್ನು ಆಧರಿಸಿದ, 1939ರ ‘ವದರಿಂಗ್ ಹೈಟ್ಸ್’. ಲಾರೆನ್ಸ್ ಒಲಿವಿಯೆ ಹೀಥ್‌ಕ್ಲಿಫ್, ಮರ್ಲ್ ಕ್ಯಾಥಿ. ಮೊದಲು ಅದನ್ನೇ ನೋಡಿ ಅಂತ ಸಲಹೆಯೂ ಸಿಗುತ್ತದೆ. 1933ರಿಂದ 1939ರವರೆಗಿನ ಅವರ ಸಿನಿಮಾಗಳಲ್ಲಿ ಮುಖ್ಯವಾದವನ್ನು ನಾನು ನೋಡಿದ್ದೇನೆ, ಕೆಲವನ್ನು ಮತ್ತೆ ಮತ್ತೆ ನೋಡಿದ್ದೇನೆ. ನನ್ನ ಆಯ್ಕೆ ಬೇರೆ. ಮೊದಲು ನೋಡಬೇಕಾದದ್ದು 1936ರ ‘ದೀಸ್ ಥ್ರೀ’. ‘ವದರಿಂಗ್ ಹೈಟ್ಸ್’ ಕೊನೆಗೆ ಬರಲಿ, ಅದೂ ಮರ್ಲ್ ಅವರ ಬದುಕಿನ ಕಥೆ ತಿಳಿದ ಮೇಲೆ.

ಆ ಕಥೆ ಶುರುವಾಗುವುದು ಬೊಂಬಾಯಿಯಲ್ಲಿ. ಹುಟ್ಟಿದ್ದು 1911ರ ಫೆಬ್ರವರಿ 19. ಹೆಸರು ಎಸ್ಟೆಲ್ ಮರ್ಲ್ ಓಬ್ರಿಯನ್ ಥಾಂಪ್ಸನ್, ಮನೆಯವರ ಬಾಯಲ್ಲಿ ಕ್ವೀನಿ. ಸಾಕಿ ಬೆಳೆಸಿದ್ದು ಶಾರ್ಲೆಟ್ ಸೆಲ್ಬಿ. ಅವರ ಕುಟುಂಬದ ಬೇರು ಸಿಲೋನಿನಲ್ಲಿತ್ತು. ಶಾರ್ಲೆಟ್ ಅವರನ್ನೇ ಮರ್ಲ್ ಅಮ್ಮ ಅಂದುಕೊಂಡು ಬೆಳೆದರು, ಆದರೆ ಅವರು ಅಜ್ಜಿ. ಹೆತ್ತವಳು ಶಾರ್ಲೆಟ್ ಮಗಳು ಕಾನ್‌ಸ್ಟನ್ಸ್, ಆಗ ಅವಳೇ ಇನ್ನೂ ಹುಡುಗಿ. ಹೆತ್ತ ತಾಯಿಯನ್ನು ಅಕ್ಕ ಅಂತ ತೋರಿಸಿದ ಮನೆ ಅದು. ಮುಂದೆ ಕಲ್ಕತ್ತಾ. ಅಲ್ಲಿನ ಲಾ ಮಾರ್ಟಿನಿಯೇರ್ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲವು ಕಾಲ ಓದು, ಆಮೇಲೆ ಟೆಲಿಫೋನ್ ಆಪರೇಟರ್ ಕೆಲಸ, ಸಂಜೆ ಹವ್ಯಾಸಿ ನಾಟಕ. ರೈಲ್ವೆ, ಟೆಲಿಫೋನ್, ತಂತಿ ಕಚೇರಿ: ಮರ್ಲ್ ಅವರದ್ದರಂಥ, ಯುರೋಪಿನ ಮತ್ತು ಇಲ್ಲಿನ ರಕ್ತ ಬೆರೆತ ಆಂಗ್ಲೋ-ಇಂಡಿಯನ್ ಮನೆಗಳಿಗೆ ಬ್ರಿಟಿಷರ ಕಾಲದಲ್ಲಿ ತೆರೆದಿದ್ದ ಬಾಗಿಲುಗಳು ಇವೇ. ನಮ್ಮ ಕೆಜಿಎಫ್, ವೈಟ್‌ಫೀಲ್ಡ್ ಕಡೆಯ ಹಳಬರಿಗೆ ಈ ಲೋಕ ಗೊತ್ತಿರುತ್ತದೆ.

1920ರ ದಶಕದ ಕೊನೆಗೆ ಅವರು ಯುರೋಪಿಗೆ ಹೋದರು. ಫ್ರಾನ್ಸಿನ ನೀಸ್‌ನಲ್ಲಿ ರೆಕ್ಸ್ ಇನ್‌ಗ್ರಮ್ ಎಂಬ ನಿರ್ದೇಶಕರ ಹತ್ತಿರ ಗುಂಪಿನಲ್ಲಿ ನಿಲ್ಲುವ ಪಾತ್ರ, ಲಂಡನ್ನಿನಲ್ಲಿ ಕೆಫೆ ದ ಪ್ಯಾರಿಸ್ ಎಂಬ ಕ್ಲಬ್ಬಿನಲ್ಲಿ ಕೆಲಸ. ನಂತರ ಹಂಗೇರಿಯಿಂದ ಬಂದ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಕಣ್ಣಿಗೆ ಬಿದ್ದರು. ಹೊಸ ಹೆಸರಿನ ಜೊತೆಗೆ ಹೊಸ ಹುಟ್ಟೂರೂ ಬಂತು. ಪ್ರಚಾರದವರು ಆಸ್ಟ್ರೇಲಿಯಾದ ಕೆಳಗಿನ ಟಾಸ್ಮೇನಿಯಾ ದ್ವೀಪವನ್ನು ಹುಟ್ಟೂರು ಅಂತ ಬರೆದರು. ಅಷ್ಟು ದೂರದ ಜಾಗಕ್ಕೆ ಹೋಗಿ ಯಾರು ವಿಚಾರಿಸುತ್ತಾರೆ?

ಇದನ್ನು ಬರೀ ಸುಳ್ಳು ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ, ಭಾರತೀಯರು ಪೌರತ್ವದ ಮಟ್ಟಿಗೆ ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿತ್ತು. ಆ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. 1934ರಿಂದ ಬಿಗಿಯಾಗಿ ಜಾರಿಯಾದ ಹಾಲಿವುಡ್ ನೀತಿಸಂಹಿತೆ, ಬಿಳಿಯರಿಗೂ ಕಪ್ಪು ಜನರಿಗೂ ನಡುವೆ ಪ್ರೇಮ ತೋರಿಸುವುದನ್ನೇ ನಿಷೇಧಿಸಿತ್ತು. ಕಲ್ಕತ್ತಾದ ಕ್ವೀನಿ ಎಂದು ಹೇಳಿಕೊಂಡು ಅಲ್ಲಿ ನಾಯಕಿಯಾಗಲು ಸಾಧ್ಯವೇ ಇರಲಿಲ್ಲ. ಶಾರ್ಲೆಟ್ ಕೂಡ ಲಂಡನ್ನಿಗೆ ಬಂದು ಮೊಮ್ಮಗಳ ಜೊತೆಗಿದ್ದರು. ಬಂದವರ ಮುಂದೆ ಅವರನ್ನು ಮನೆಗೆಲಸದವಳು ಎಂದು ಪರಿಚಯಿಸುತ್ತಿದ್ದರಂತೆ. 1937ರಲ್ಲಿ ಶಾರ್ಲೆಟ್ ತೀರಿಕೊಂಡರು. ಮರ್ಲ್ 1979ರಲ್ಲಿ ಸಾಯುವವರೆಗೂ ಗುಟ್ಟು ಬಿಡಲಿಲ್ಲ. 1983ರಲ್ಲಿ ಬಂದ ಜೀವನಚರಿತ್ರೆಯಿಂದ ಅದು ಹೊರಗೆ ಬಂತು.

ಈಗ ಸಿನಿಮಾಗಳು. ನಾನು ಹೋಲಿಸಿ ನೋಡಿದ್ದು ಸುಮ್ನೆ ಯಾವುದರಲ್ಲಿ ಚೆಂದ ಕಾಣುತ್ತಾರೆ ಅಂತಲ್ಲ. ಎಲ್ಲದರಲ್ಲೂ ಚೆಂದವೇ. ಮುಖವನ್ನು ತೋರಿಸಿ ಮುಗಿಸುವ ಸಿನಿಮಾ ಯಾವುದು, ಆ ಮುಖಕ್ಕೆ ಮಾಡಲು ಕೆಲಸ ಕೊಟ್ಟ ಸಿನಿಮಾ ಯಾವುದು, ಅದು ನನಗೆ ಬೇಕಿತ್ತು.

ಕೋರ್ಡಾ ಕಾಲದಲ್ಲಿ ಎರಡನ್ನು ಪಕ್ಕಪಕ್ಕ ಇಡಬಹುದು. 1933ರ ‘ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಏಟ್ತ್’, 1934ರ ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’. ಮೊದಲನೆಯದು ಪೂರ್ತಿ, ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯಾದ ಚಾರ್ಲ್ಸ್ ಲಾಟನ್ ಅವರದ್ದು. ಅದಕ್ಕೆ ಅವರಿಗೆ ಆಸ್ಕರ್ ಬಂತು. ಮರ್ಲ್ ರಾಣಿ ಆನ್ ಬೊಲಿನ್. ಆಕೆಯ ತಲೆ ಕಡಿಯುವ ದಿನದಿಂದಲೇ ಸಿನಿಮಾ ಶುರು. ಹಾಗಾಗಿ ಇರುವುದು ಕೆಲವೇ ನಿಮಿಷ. ಸಾಯಲು ಹೊರಟ ರಾಣಿ ಕನ್ನಡಿ ಮುಂದೆ ಕೂದಲು ಸರಿಮಾಡಿಕೊಳ್ಳುವಾಗ ಅಳುವಿಲ್ಲ, ಕೂಗಾಟವಿಲ್ಲ. ಅಷ್ಟೇ ಹೊತ್ತಿನಲ್ಲಿ ಲಾಟನ್ ಅವರ ಅಬ್ಬರ ಬರುವ ಮೊದಲೇ ಆಕೆ ನಮ್ಮ ಮನಸ್ಸಿಗೆ ಇಳಿದುಬಿಡುತ್ತಾಳೆ.

‘ಪಿಂಪರ್ನೆಲ್’ನಲ್ಲಿ ಪಾತ್ರ ಪೂರ್ತಿ ಉದ್ದಕ್ಕೂ ಇದೆ. ಲೆಸ್ಲಿ ಹೋವರ್ಡ್ ಮಾಡಿದ ಸರ್ ಪರ್ಸಿ ಹೊರಗೆ ಬರೀ ಶೋಕಿಲಾಲ. ಗುಟ್ಟಾಗಿ ಫ್ರಾನ್ಸಿನ ಕ್ರಾಂತಿಯಿಂದ ಜನರನ್ನು ತಪ್ಪಿಸಿ ತರುವ ವೀರ. ಮರ್ಲ್ ಅವನ ಹೆಂಡತಿ ಮಾರ್ಗರೀಟ್, ಗಂಡ ನಿಜಕ್ಕೂ ಯಾರು ಅಂತ ಗೊತ್ತಿಲ್ಲದವಳು. ಸಿನಿಮಾ ತುಂಬ ಮಜವಾಗಿದೆ. ಹೋವರ್ಡ್ ಅದ್ಭುತ. ಆದರೆ ಮಾರ್ಗರೀಟ್‌ಗೆ ಒಳ್ಳೆ ಒಳ್ಳೆ ಗೌನು, ಒಳ್ಳೆ ಬೆಳಕು, ಆತಂಕಪಡುವ ದೃಶ್ಯಗಳು ಇವೆ, ಅಷ್ಟೇ. ಒಂದು ಕಡೆ ಆಕೆ ಚಿತ್ರಕಾರನ ಮುಂದೆ ಭಾವಚಿತ್ರಕ್ಕೆ ಕೂರುತ್ತಾಳೆ. ಇಡೀ ಸಿನಿಮಾ ಆಕೆಯನ್ನು ನಡೆಸಿಕೊಳ್ಳುವುದು ಹಾಗೆಯೇ. ಸಾಹಸದ ಕಥೆ ಬೇಕಿದ್ದವರು ಖಂಡಿತ ನೋಡಿ, ಮರ್ಲ್‌ಗಾಗಿ ಶುರು ಮಾಡಲು ಇದು ಬೇಡ. ಇದರ ಸವೆದ ಪ್ರತಿಗಳು ಬೇಕಾದಷ್ಟು ಓಡಾಡುತ್ತವೆ, ಶುದ್ಧ ಮಾಡಿದ್ದನ್ನೇ ಹುಡುಕಿ.

ಇಲ್ಲಿಂದ ಹಾಲಿವುಡ್. ಕೋರ್ಡಾ ಒಪ್ಪಂದದ ಒಂದು ಪಾಲನ್ನು ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಕೊಂಡರು. ಅಲ್ಲಿಯವರೆಗೆ ಮರ್ಲ್‌ಗೆ ದಟ್ಟ ಮೇಕಪ್ಪು, ವಾರೆಗಣ್ಣಿನ ಗೆರೆ, ಪೂರ್ವದೇಶದ ನಿಗೂಢ ಹೆಣ್ಣಿನ ವೇಷ. ಗೋಲ್ಡ್‌ವಿನ್ ಅದನ್ನೆಲ್ಲ ಒರೆಸಿ ಹಾಕಿಸಿ 1935ರ ‘ದಿ ಡಾರ್ಕ್ ಏಂಜೆಲ್’ನಲ್ಲಿ ಇಂಗ್ಲಿಷ್ ಹಳ್ಳಿಯ ಹುಡುಗಿ ಮಾಡಿದರು. ಈ ಪಾತ್ರಕ್ಕೆ ಮರ್ಲ್‌ಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಪ್ರಶಸ್ತಿ ಬೆಟ್ಟಿ ಡೇವಿಸ್ ಪಾಲಾಯಿತು. 2023ರಲ್ಲಿ ಮಲೇಷ್ಯಾದ ನಟಿ ಮಿಶೆಲ್ ಯೋ ನಾಮನಿರ್ದೇಶನ ಪಡೆದಾಗ ಪತ್ರಿಕೆಗಳು ಮರ್ಲ್ ಹೆಸರನ್ನು ಮತ್ತೆ ಎತ್ತಿದ್ದು ಇದಕ್ಕೇ. ಅತ್ಯುತ್ತಮ ನಟಿ ವಿಭಾಗದಲ್ಲಿ ಏಷ್ಯಾ ಮೂಲದ ಮೊದಲ ಹೆಸರು ಅವರದ್ದು, ಆಗ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಹಾಗಾದರೆ ನಾಮನಿರ್ದೇಶನ ಸಿಕ್ಕಿದ್ದೇ ಒಳ್ಳೆಯದಲ್ವಾ? ‘ಡಾರ್ಕ್ ಏಂಜೆಲ್’ ಮತ್ತು ‘ದೀಸ್ ಥ್ರೀ’ ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ಉತ್ತರ ಸಿಗುತ್ತದೆ. ಒಂದೇ ನಿರ್ಮಾಪಕ, ಒಂದೇ ಛಾಯಾಗ್ರಾಹಕ ಗ್ರೆಗ್ ಟೋಲಂಡ್, ನಡುವೆ ಒಂದೇ ವರ್ಷ. ಮುಖ ಅದೇ, ಕೊಟ್ಟ ಕೆಲಸ ಬೇರೆ.

‘ಡಾರ್ಕ್ ಏಂಜೆಲ್’ ಕಣ್ಣೀರಿನ ಕಥೆ. ಮರ್ಲ್ ಮಾಡಿದ ಕಿಟ್ಟಿಯನ್ನು ಚಿಕ್ಕಂದಿನಿಂದ ಇಬ್ಬರು ಪ್ರೀತಿಸುತ್ತಾರೆ. ಫ್ರೆಡ್ರಿಕ್ ಮಾರ್ಚ್ ಮಾಡಿದ ಆಲನ್ ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಳ್ಳುತ್ತಾನೆ. ಅವಳಿಗೆ ಹೊರೆಯಾಗಬಾರದು ಅಂತ ಬೇರೆ ಹೆಸರಿನಲ್ಲಿ ಬದುಕುತ್ತಾನೆ. ಅವಳು ಹುಡುಕಿಕೊಂಡು ಬಂದಾಗ, ಕೋಣೆಯಲ್ಲಿ ಯಾವ ಸಾಮಾನು ಎಲ್ಲಿದೆ ಅಂತ ಬಾಯಿಪಾಠ ಮಾಡಿಕೊಂಡು ಕಣ್ಣು ಕಾಣುವವನಂತೆ ನಟಿಸುತ್ತಾನೆ. ಆ ದೃಶ್ಯ ಕಟ್ಟಿರುವ ರೀತಿ ಚೆನ್ನಾಗಿದೆ. ಆದರೆ ಅಲ್ಲಿ ನಿಜವಾದ ನಟನೆ ಮಾರ್ಚ್ ಅವರದ್ದು. ಮರ್ಲ್ ಪಾಲಿಗೆ ನೋಡುವುದು, ನೋಯುವುದು, ಕಣ್ಣಲ್ಲಿ ನೀರು ತುಂಬಿಕೊಳ್ಳುವುದು. ಅಷ್ಟನ್ನು ಪ್ರಾಮಾಣಿಕವಾಗಿ ಮಾಡಿದ್ದಾರೆ. ಹಿನ್ನೆಲೆ ಸಂಗೀತ ಮಾತ್ರ ಎಲ್ಲಿ ಅಳಬೇಕು ಅಂತ ಮೊದಲೇ ಹೇಳಿಬಿಡುತ್ತದೆ.

‘ದೀಸ್ ಥ್ರೀ’ನಲ್ಲಿ ನಿರ್ದೇಶಕ ವಿಲಿಯಮ್ ವೈಲರ್. ಲಿಲಿಯನ್ ಹೆಲ್‌ಮನ್ ತಮ್ಮದೇ ನಾಟಕವನ್ನು ಸಿನಿಮಾಕ್ಕೆ ತಿದ್ದಿ ಬರೆದರು. ನಾಟಕದಲ್ಲಿ ಇಬ್ಬರು ಶಿಕ್ಷಕಿಯರ ನಡುವೆ ಪ್ರೇಮವಿದೆ ಅಂತ ಒಂದು ಹುಡುಗಿ ಸುದ್ದಿ ಹಬ್ಬಿಸುತ್ತಾಳೆ. ನೀತಿಸಂಹಿತೆ ಅದಕ್ಕೆ ಒಪ್ಪಲಿಲ್ಲ, ನಾಟಕದ ಹೆಸರು ಬಳಸಲೂ ಬಿಡಲಿಲ್ಲ. ಹಾಗಾಗಿ ಸಿನಿಮಾದಲ್ಲಿ ಒಬ್ಬ ಗಂಡಸು ಬಂದ. ಕ್ಯಾರೆನ್ ಮತ್ತು ಮಾರ್ಥಾ ಗೆಳತಿಯರು. ಪಾಳುಬಿದ್ದ ಮನೆಯನ್ನು ಸರಿಮಾಡಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಾರೆ. ಡಾಕ್ಟರ್ ಜೋ, ಕ್ಯಾರೆನ್ ಮದುವೆಯಾಗುವವರು. ಮಾರ್ಥಾಗೆ ಜೋ ಮೇಲೆ ಒಳಗೊಳಗೇ ಪ್ರೀತಿ. ಜೋಗೂ ಮಾರ್ಥಾಗೂ ಸಂಬಂಧವಿದೆ ಅಂತ ಮೇರಿ ಎಂಬ ವಿದ್ಯಾರ್ಥಿನಿ ತನ್ನ ಅಜ್ಜಿಗೆ ಸುಳ್ಳು ಹೇಳುತ್ತಾಳೆ. ಸಂಜೆಯೊಳಗೆ ಶಾಲೆ ಖಾಲಿ.

ಬೊನಿಟಾ ಗ್ರಾನ್ವಿಲ್ ಎಂಬ ಹುಡುಗಿ ಮೇರಿಯಾಗಿ ಹೆದರಿಕೆ ಹುಟ್ಟಿಸುತ್ತಾಳೆ. ಪೋಷಕ ಪಾತ್ರಗಳಿಗೆ ಆಸ್ಕರ್ ಕೊಡಲು ಶುರುಮಾಡಿದ ವರ್ಷವೇ ಆಕೆಗೆ ನಾಮನಿರ್ದೇಶನ ಬಂತು. ಮಿರಿಯಮ್ ಹಾಪ್ಕಿನ್ಸ್ ಮಾಡಿದ ಮಾರ್ಥಾಗೂ ದೊಡ್ಡ ದೊಡ್ಡ ದೃಶ್ಯಗಳಿವೆ. ಮರ್ಲ್ ಮಾಡಿದ ಕ್ಯಾರೆನ್ ಕಡಿಮೆ ಮಾತಿನವಳು. ಮೊದಲ ಸಲ ನೋಡುವಾಗ ಅವಳು ಸ್ವಲ್ಪ ಮಂಕು ಅನ್ನಿಸಬಹುದು. ಕಾದು ನೋಡಿ. ಊರೆಲ್ಲ ಮಾತಾಡಿದ ಮೇಲೂ, ಸುಳ್ಳು ಹಬ್ಬಿಸಿದ್ದಕ್ಕೆ ಹಾಕಿದ ಕೇಸನ್ನು ಕೋರ್ಟಿನಲ್ಲಿ ಸೋತ ಮೇಲೂ ನೇರವಾಗಿ ನಿಂತಿದ್ದ ಕ್ಯಾರೆನ್, ಕೊನೆಗೆ ಜೋನನ್ನೇ ಕೇಳಿಬಿಡುತ್ತಾಳೆ: ಅದು ನಿಜವಾ? ಸುಳ್ಳು ಅಂತ ಗೊತ್ತಿದ್ದವಳ ಒಳಗೂ ಸುಳ್ಳು ಮನೆ ಮಾಡಿದೆ. ಕೇಳಬಾರದಿತ್ತು ಅಂತ ಅವಳಿಗೂ ಗೊತ್ತು, ಕೇಳದೆ ಇರಲೂ ಆಗುವುದಿಲ್ಲ. ಅಲ್ಲಿ ಮರ್ಲ್ ದನಿ ಏರಿಸುವುದೂ ಇಲ್ಲ. ‘ಡಾರ್ಕ್ ಏಂಜೆಲ್’ನ ಎಲ್ಲ ಕಣ್ಣೀರಿಗಿಂತ ಇದು ನನ್ನನ್ನು ಜಾಸ್ತಿ ಅಲ್ಲಾಡಿಸಿತು. ನಟಿಯ ಬದುಕಿನ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಈ ದೃಶ್ಯ ತಟ್ಟುತ್ತದೆ. ನಾನು ಇದನ್ನು ಮೊದಲಿಗೆ ಇಡುವುದು ಅದಕ್ಕೇ. ಕೊನೆಯ ಸುಖಾಂತ್ಯ ಅವಸರದ್ದು, ಅದನ್ನು ಮನ್ನಿಸಿಬಿಡಿ.

1938ರ ‘ದಿ ಡಿವೋರ್ಸ್ ಆಫ್ ಲೇಡಿ ಎಕ್ಸ್’ ಹಗುರವಾದದ್ದು, ಬಣ್ಣದ್ದು. ಲಂಡನ್ನಿನ ದಟ್ಟ ಮಂಜಿನಲ್ಲಿ ಸಿಕ್ಕಿಕೊಂಡ ಹುಡುಗಿ ಹೋಟೆಲಿನಲ್ಲಿ ವಿಚ್ಛೇದನದ ವಕೀಲನೊಬ್ಬನ ಕೋಣೆಯನ್ನೇ ಗಿಟ್ಟಿಸಿಕೊಳ್ಳುತ್ತಾಳೆ. ವಕೀಲ ಒಲಿವಿಯೆ. ಮರ್ಲ್ ನಗಿಸಬಲ್ಲರು ಅಂತ ಇಲ್ಲಿ ಗೊತ್ತಾಗುತ್ತದೆ. ಹೋಟೆಲಿನ ಮೊದಲ ಭಾಗ ಚುರುಕಾಗಿದೆ, ಆಮೇಲೆ ಎಳೆಯುತ್ತದೆ.

‘ವದರಿಂಗ್ ಹೈಟ್ಸ್’ಗೆ ಮತ್ತೆ ಅದೇ ಗೋಲ್ಡ್‌ವಿನ್, ವೈಲರ್, ಟೋಲಂಡ್. ಟೋಲಂಡ್‌ಗೆ ಆಸ್ಕರ್ ಬಂದದ್ದು ಇದಕ್ಕೆ. ಒಲಿವಿಯೆಗೆ ಕ್ಯಾಥಿಯಾಗಿ ಬೇಕಿದ್ದದ್ದು ನಟಿ ವಿವಿಯನ್ ಲೀ. ಸೆಟ್ಟಿನಲ್ಲಿ ಮರ್ಲ್‌ಗೂ ಒಲಿವಿಯೆಗೂ ಜಗಳವಾಗುತ್ತಲೇ ಇತ್ತು. ಇದನ್ನು ಬರೀ ಪ್ರೇಮಕಥೆಯಾಗಿ ನೋಡಿದಾಗ ಕಣ್ಣೆಲ್ಲ ಒಲಿವಿಯೆ ಮೇಲೆ ಇರುತ್ತದೆ. ಬಂಡೆ, ಗಾಳಿ, ಹೀಥರ್ ಗಿಡ, ಅವರ ಉರಿಯುವ ನೋಟ. ಕ್ಯಾಥಿ ಒಮ್ಮೆ ಕಾಡುಹುಡುಗಿ, ಮರುಕ್ಷಣ ಶ್ರೀಮಂತರ ಮನೆಯ ಹೆಣ್ಣು. ಕಾಡುಹುಡುಗಿಯಾಗಿ ಮರ್ಲ್ ಅಷ್ಟು ಹೊಂದುವುದಿಲ್ಲ, ಓಡುವಾಗಲೂ ನಯ ಜಾಸ್ತಿ. ಮನೆಗೆಲಸದ ಎಲೆನ್ ಮುಂದೆ ‘ನಾನೇ ಹೀಥ್‌ಕ್ಲಿಫ್’ ಅನ್ನುವ ದೃಶ್ಯ ಮಾತ್ರ ಪೂರ್ತಿ ಅವರದ್ದು.

ಅವರ ಹುಟ್ಟಿನ ಕಥೆ ತಿಳಿದ ಮೇಲೆ ಮತ್ತೆ ನೋಡಿದಾಗ ಬೇರೆಯೇ ಸಿನಿಮಾ ಕಂಡಿತು. ಹೀಥ್‌ಕ್ಲಿಫ್ ಎಲ್ಲಿಂದ ಬಂದನೋ ಗೊತ್ತಿಲ್ಲದ, ಕಪ್ಪು ಮೈಬಣ್ಣದ ಅನಾಥ. ಅವನಿಗೆ ಕ್ಯಾಥಿ ಹೇಳುತ್ತಾಳೆ: ನಿನ್ನ ಅಪ್ಪ ಚೀನಾದ ಚಕ್ರವರ್ತಿ, ಅಮ್ಮ ಭಾರತದ ರಾಣಿ, ನಾವಿಕರು ನಿನ್ನನ್ನು ಕದ್ದು ತಂದರು. ಕಾದಂಬರಿಯಲ್ಲಿ ಇದನ್ನು ಹೇಳುವುದು ಎಲೆನ್, ಅಲ್ಲಿ ಅವಳನ್ನು ನೆಲ್ಲಿ ಅನ್ನುತ್ತಾರೆ. ಸಿನಿಮಾದಲ್ಲಿ ಆ ಮಾತು ಕ್ಯಾಥಿಯ ಬಾಯಿಗೆ ಬಂತು, ಬಾಲ್ಯದ ದೃಶ್ಯದಲ್ಲಿ, ಪುಟ್ಟ ಕ್ಯಾಥಿಯಾದ ಬಾಲನಟಿಯ ಮೂಲಕ. ಬೊಂಬಾಯಿಯಲ್ಲಿ ಹುಟ್ಟಿ, ಅದನ್ನು ಮುಚ್ಚಿಟ್ಟು, ಕಟ್ಟಿದ ಹುಟ್ಟುಕಥೆಯಲ್ಲಿ ಬದುಕುತ್ತಿದ್ದ ಹೆಣ್ಣು ಮಾಡಿದ ಪಾತ್ರ, ಕಪ್ಪು ಹುಡುಗನಿಗೊಂದು ಹುಟ್ಟುಕಥೆ ಕಟ್ಟಿಕೊಡುತ್ತದೆ. ಆ ಸಾಲು ಆಟವಾಗಿ, ತುಂಬ ಪ್ರೀತಿಯಿಂದ ಬರುತ್ತದೆ. ಈ ಸಿನಿಮಾವನ್ನು ಮೊದಲೇ ನೋಡಿಬಿಟ್ಟರೆ ಆ ಸಾಲು ಸುಮ್ನೆ ಹೊರಟುಹೋಗುತ್ತದೆ.

ಇಷ್ಟು ನೋಡಿ ಇನ್ನೂ ಬೇಕು ಅನ್ನಿಸಿದವರಿಗೆ ಎರಡು ದಾರಿ ಇವೆ. 1937ರಲ್ಲಿ ಜೋಸೆಫ್ ವಾನ್ ಸ್ಟರ್ನ್‌ಬರ್ಗ್ ನಿರ್ದೇಶನದ ‘ಐ, ಕ್ಲಾಡಿಯಸ್’ ಚಿತ್ರೀಕರಣ ನಡೆಯುತ್ತಿದ್ದಾಗ ಮರ್ಲ್‌ಗೆ ಕಾರು ಅಪಘಾತವಾಯಿತು, ಸಿನಿಮಾ ಅಲ್ಲಿಗೇ ನಿಂತಿತು. ಉಳಿದ ತುಣುಕುಗಳನ್ನು 1965ರಲ್ಲಿ ಬಿಬಿಸಿ ಒಂದು ಸಾಕ್ಷ್ಯಚಿತ್ರದಲ್ಲಿ ತೋರಿಸಿತು. ಅದರಲ್ಲಿ ಮರ್ಲ್, ರೋಮ್ ಚಕ್ರವರ್ತಿ ಕ್ಲಾಡಿಯಸ್‌ನ ಹೆಂಡತಿ ಮೆಸ್ಸಲಿನಾ ಪಾತ್ರದಲ್ಲಿದ್ದಾರೆ. ಇನ್ನೊಂದು 1944ರ ‘ದಿ ಲಾಡ್ಜರ್’. ಅಪಘಾತದ ಕಲೆಗಳು ಮುಖದ ಮೇಲೆ ಕಾಣದಿರಲಿ ಅಂತ ಛಾಯಾಗ್ರಾಹಕ ಲೂಸಿಯನ್ ಬ್ಯಾಲರ್ಡ್ ಕ್ಯಾಮೆರಾದ ಪಕ್ಕದಲ್ಲೇ ಒಂದು ದೀಪ ಇಟ್ಟರು. ಆ ದೀಪಕ್ಕೆ ಮರ್ಲ್ ಹೆಸರಿನಿಂದಲೇ ‘ಓಬಿ’ ಅಂತ ಹೆಸರು ಬಿತ್ತು. ಮುಂದಿನ ವರ್ಷ ಇಬ್ಬರೂ ಮದುವೆಯಾದರು. ಈ ಎರಡರಲ್ಲಿ ನಾನು ಮೊದಲು ‘ಕ್ಲಾಡಿಯಸ್’ ತುಣುಕುಗಳನ್ನೇ ನೋಡಿ ಅನ್ನುತ್ತೇನೆ. ‘ಲಾಡ್ಜರ್’ನಲ್ಲಿ ಬೆಳಕು ಚೆನ್ನಾಗಿದೆ, ಆದರೆ ಮರ್ಲ್‌ಗೆ ಮಾಡಲು ಕೆಲಸ ಕಡಿಮೆ.