ವ್ಯಾಮ್ ಪುಡಿ: ಸಸಿಗೆ ಸೈ, ಗದ್ದೆಗೆ ಸುಮ್ನೆ ಖರ್ಚು

ಮೊದಲೇ ಹೇಳಿಬಿಡುತ್ತೇನೆ, ವ್ಯಾಮ್ ಅನ್ನುವ ಈ ಜೈವಿಕ ಗೊಬ್ಬರಕ್ಕೆ ಐದರಲ್ಲಿ ಮೂರು ಸ್ಟಾರ್. ಪುಡಿಗೆ ಮಾತ್ರ ಆದರೆ ನಾಲ್ಕು ಕೊಡುತ್ತಿದ್ದೆ, ಒಂದನ್ನು ಕಿತ್ತುಕೊಂಡದ್ದು ಅದನ್ನು ಮಾರುವವರ ಮಾತಿಗೆ.

ಕಟಪಾಡಿ ಕಡೆ ನಮ್ಮದು ಸ್ವಲ್ಪ ಗದ್ದೆ. ಮಳೆಗಾಲದಲ್ಲಿ ಭತ್ತ, ಕೊಯ್ಲು ಆದ ಮೇಲೆ ಒಂದಿಷ್ಟು ಗುಳ್ಳ, ಅಂದರೆ ಉರುಟು ಬದನೆ. (ಮಟ್ಟು ಗುಳ್ಳ ಅಂತ ಹೆಸರು ಹೇಳಿ ಮಾರುವ ಧೈರ್ಯ ಇಲ್ಲ, ನಮ್ಮ ಗದ್ದೆ ಮಟ್ಟುವಿನಿಂದ ಆಚೆ.) ಕಳೆದ ಸೆಪ್ಟೆಂಬರ್‌ನಲ್ಲಿ ಉಡುಪಿಯ ಒಂದು ಗೊಬ್ಬರದ ಅಂಗಡಿಗೆ ಬೇವಿನ ಹಿಂಡಿ ತರಲು ಹೋದವನು ಒಂದು ಕಿಲೋ ವ್ಯಾಮ್ ಪುಡಿಯನ್ನೂ ಹಿಡಿದುಕೊಂಡು ಬಂದೆ. 160 ರೂಪಾಯಿ. "ಎಲ್ಲಾ ಬೆಳೆಗೂ ಆಗ್ತದೆ, ಡಿಎಪಿ ಜೊತೆಗೇ ಕಲಸಿ ಹಾಕಿ, ಫಸಲು ಡಬಲ್" ಅಂದರು ಅಂಗಡಿಯವರು. (ಡಿಎಪಿ ಅಂದರೆ ರಂಜಕ, ಸಾರಜನಕದ ರಾಸಾಯನಿಕ ಗೊಬ್ಬರ.) ಆ ಒಂದು ಮಾತಿನಲ್ಲಿ ಮೂರು ತಪ್ಪು ಇದೆ ಅಂತ ಗೊತ್ತಾಗಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಗೊತ್ತಿಲ್ಲದವರಿಗೆ: ವ್ಯಾಮ್ ಅಂದರೆ ಬೇರಿನ ಒಳಗೇ ಮನೆ ಮಾಡಿಕೊಂಡು ಬದುಕುವ ಶಿಲೀಂಧ್ರ. ಮೈಕೋರೈಜಾ ಅಂತ ದೊಡ್ಡ ಹೆಸರು. ಜರ್ಮನಿಯ ಫ್ರಾಂಕ್ ಎಂಬ ವಿಜ್ಞಾನಿ 1885ರಲ್ಲಿ ಇಟ್ಟದ್ದು, ಶಿಲೀಂಧ್ರ ಮತ್ತು ಬೇರು ಎರಡೂ ಸೇರಿದ್ದು ಅಂತ ಅರ್ಥ. ಗಿಡಕ್ಕೆ ಬೇಕೇ ಬೇಕಾದ ರಂಜಕದ (ಫಾಸ್ಫರಸ್) ಒಂದು ಕೆಟ್ಟ ಗುಣ ಅಂದರೆ ಅದು ಮಣ್ಣಿನಲ್ಲಿ ಇದ್ದ ಜಾಗ ಬಿಟ್ಟು ಹೆಚ್ಚು ಅಲುಗುವುದಿಲ್ಲ. ಅದರಲ್ಲೂ ನಮ್ಮ ಮುರಕಲ್ಲಿನ ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಸೇರಿ ಅದನ್ನು ಹಿಡಿದು ಕೂರಿಸಿಬಿಡುತ್ತವೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್‌ನಲ್ಲಿ ಇದ್ದದ್ದನ್ನು ತಿಂದು ಮುಗಿಸುತ್ತದೆ, ಆಮೇಲೆ ಉಪವಾಸ. ಈ ಶಿಲೀಂಧ್ರದ ಎಳೆಗಳು ಕೂದಲಿಗಿಂತ ಎಷ್ಟೋ ಸಪೂರ. ಬೇರಿನಿಂದ ಹೊರಗೆ ಹಲವು ಸೆಂಟಿಮೀಟರ್ ದೂರ ಹೋಗಿ ರಂಜಕ, ಸತು ಎಲ್ಲ ಹೊತ್ತು ತರುತ್ತವೆ. ಪುಕ್ಕಟೆ ಅಲ್ಲ. ಗಿಡ ತಾನು ಬಿಸಿಲಿನಲ್ಲಿ ಮಾಡಿದ ಸಕ್ಕರೆ, ಕೊಬ್ಬಿನಲ್ಲಿ ಪಾಲು ಕೊಡಬೇಕು, ಕೆಲವು ಸಲ ನೂರರಲ್ಲಿ ಇಪ್ಪತ್ತರವರೆಗೂ. ಒಂಥರಾ ಗೇಣಿ.

ಈಗ ಪ್ಯಾಕೆಟ್ ವಿಷಯ. ಬಿಡಿಸಿ ನೋಡಿದರೆ ಬೂದು ಬಣ್ಣದ ಮರಳು ಮರಳು ಪುಡಿ, ನಡುವೆ ಒಣ ಬೇರಿನ ಚೂರುಗಳು. ಮೊದಲು ಕಸ ಸೇರಿದೆ ಅಂದುಕೊಂಡೆ. ಕಸ ಅಲ್ಲ, ಅದೇ ಮಾಲು. ಈ ಶಿಲೀಂಧ್ರ ಜೀವಂತ ಬೇರು ಇಲ್ಲದೆ ಬೆಳೆಯುವುದಿಲ್ಲ, ಬ್ಯಾಕ್ಟೀರಿಯಾ ಗೊಬ್ಬರದ ಹಾಗೆ ಡ್ರಮ್ಮಿನಲ್ಲಿ ಮಾಡಲು ಬರುವುದಿಲ್ಲ. ಜೋಳ, ರಾಗಿ ಅಂಥ ಗಿಡದ ಬೇರಿನಲ್ಲಿ ಬೆಳೆಸಿ, ಬೇರು ಮಣ್ಣು ಎಲ್ಲ ಒಟ್ಟಿಗೆ ಒಣಗಿಸಿ ಪುಡಿ ಮಾಡುತ್ತಾರೆ. ಸರಕಾರದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಗ್ರಾಂಗೆ ಕನಿಷ್ಠ 100 ಜೀವಂತ ಕಣ ಇರಬೇಕು. ನನ್ನ ಪ್ಯಾಕೆಟ್ಟಿನ ಮೇಲೆ ಅದು ಬರೆದಿತ್ತು, ತಯಾರಿಸಿದ ತಾರೀಕೂ ಇತ್ತು. ಆದರೆ ಅಂಗಡಿಯಲ್ಲಿ ಇವನ್ನು ಇಟ್ಟದ್ದು ಎಲ್ಲಿ ಗೊತ್ತಾ, ಮಧ್ಯಾಹ್ನದ ಬಿಸಿಲು ನೇರ ಬೀಳುವ ಗಾಜಿನ ಹತ್ತಿರ! ನಾನು ಹಿಂದಿನ ಸಾಲಿನಿಂದ ಒಂದು ಎಳೆದುಕೊಂಡೆ. ನೀವೂ ಹಾಗೇ ಮಾಡಿ.

ನಮ್ಮಲ್ಲಿ ಗುಳ್ಳದ ಸಸಿ ಮಾಡುವುದು ಸುಡುಮಣ್ಣಿನಲ್ಲಿ. ತರಗೆಲೆ, ಕಡ್ಡಿ ಒಟ್ಟಿ ಮಣ್ಣು ಹಾಕಿ ಬೆಂಕಿ ಕೊಡುವುದು, ತಣಿದ ಮೇಲೆ ಜರಡಿ ಹಿಡಿದು ಸೆಗಣಿ ಗೊಬ್ಬರ ಸೇರಿಸುವುದು. ರೋಗದ ಕಾಟ ಇಲ್ಲ, ಕಳೆ ಇಲ್ಲ. ಆದರೆ ಸುಟ್ಟ ಮೇಲೆ ಕೆಟ್ಟದ್ದರ ಜೊತೆ ಒಳ್ಳೆಯದೂ ಹೋಗುತ್ತದೆ, ಅಲ್ವಾ? ಅಮ್ಮ ಯಾವಾಗಲೂ ಅದಕ್ಕೆ ಗದ್ದೆಯ ಹುಣಿಯ (ಬದುವಿನ) ಹುಲ್ಲಿನ ಬುಡದಿಂದ ಎರಡು ಮುಷ್ಟಿ ಮಣ್ಣು ತಂದು ಬೆರೆಸುತ್ತಿದ್ದರು. ಯಾಕೆ ಅಂತ ಕೇಳಿದರೆ "ಸಸಿ ಏಳ್ತದೆ" ಅಷ್ಟೇ ಉತ್ತರ.

ಹಾಗಾಗಿ ಮೂರು ಟ್ರೇ ಮಾಡಿದೆ. ಒಂದರಲ್ಲಿ ಸುಡುಮಣ್ಣು, ಗೊಬ್ಬರ ಮಾತ್ರ. ಇನ್ನೊಂದರಲ್ಲಿ ಅದಕ್ಕೆ ವ್ಯಾಮ್ ಪುಡಿ, ಬೀಜದ ಅಡಿಯಲ್ಲೇ ಬೀಳುವ ಹಾಗೆ, ಯಾಕೆಂದರೆ ಬೇರಿಗೆ ತಾಗದಿದ್ದರೆ ಏನೂ ಪ್ರಯೋಜನ ಇಲ್ಲ, ಮೇಲಿಂದ ಉದುರಿಸಿದರೆ ದುಡ್ಡು ಉದುರಿಸಿದ ಹಾಗೆ. ಮೂರನೆಯದರಲ್ಲಿ ಅಮ್ಮನ ಹುಣಿ ಮಣ್ಣು. ತಿಂಗಳು ಆಗುವಾಗ ಮೊದಲ ಟ್ರೇಯ ಸಸಿಗಳು ಸಣಕಲು, ಎಲೆ ಮಗುಚಿದರೆ ಅಡಿಯಲ್ಲಿ ನೇರಳೆ ಛಾಯೆ. ಎರಡು ಮತ್ತು ಮೂರರ ಸಸಿಗಳು ಕಾಂಡ ದಪ್ಪ, ಎಲೆ ಅಗಲ. ಎರಡಕ್ಕೂ ಮೂರಕ್ಕೂ ಏನು ವ್ಯತ್ಯಾಸ? ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. 160 ರೂಪಾಯಿ ಕೊಟ್ಟವನಿಗೆ ಇದು ಸ್ವಲ್ಪ ಬೇಸರದ ಸಂಗತಿ. ಅಮ್ಮ ಏನೂ ಹೇಳಲಿಲ್ಲ, ನಕ್ಕರು ಅಷ್ಟೇ.

ಅಕ್ಕನ ಮಗಳು ಮಂಗಳೂರಿನಲ್ಲಿ ಎಂಎಸ್ಸಿ ಬಾಟನಿ ಓದುತ್ತಿದ್ದಾಳೆ. ಮೂರೂ ಟ್ರೇಯ ಬೇರು ಅವಳ ಕೈಯಲ್ಲಿ ಕಳುಹಿಸಿದೆ. "ಮಾಮ, ದೊಡ್ಡ ಖರ್ಚೇನಿಲ್ಲ, ಪೆನ್ನಿನ ಇಂಕು, ವಿನೆಗರ್ ಸಾಕು" ಅಂದಳು. ತಮಾಷೆ ಅಂದುಕೊಂಡೆ. ನಿಜವಾಗಿಯೂ ಹಾಗೇ, 1998ರಲ್ಲಿ ಪ್ರಕಟವಾದ ವಿಧಾನ ಅಂತೆ. ಬೇರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕುದಿಸಿ ಬಣ್ಣ ತೆಗೆದು, ಆಮೇಲೆ ಇಂಕು ಹಾಕಿದ ವಿನೆಗರ್‌ನಲ್ಲಿ ಕುದಿಸುವುದು. ಬೇರು ಬಣ್ಣ ಬಿಡುತ್ತದೆ, ಶಿಲೀಂಧ್ರ ನೀಲಿಯಾಗಿ ಉಳಿಯುತ್ತದೆ. ಅವಳು ವಾಟ್ಸಾಪ್‌ನಲ್ಲಿ ಕಳುಹಿಸಿದ ಫೋಟೋ ನೋಡಿ ನಾನು ಸುಮಾರು ಹೊತ್ತು ಫೋನ್ ಕೆಳಗಿಡಲಿಲ್ಲ. ಜೀವಕೋಶಗಳ ಸಂದಿಯಲ್ಲಿ ನೀಲಿ ನೂಲು ಓಡಿದೆ. ಅಲ್ಲಲ್ಲಿ ಬಲೂನಿನಂಥ ಗುಳ್ಳೆಗಳು, ಅದರಲ್ಲಿ ಎಣ್ಣೆಯ ದಾಸ್ತಾನು. ಕೆಲವು ಕೋಶಗಳ ಒಳಗೆ ಕವಲು ಕವಲಾಗಿ ಒಡೆದ ಪುಟ್ಟ ಮರ. ಆ ಮರಕ್ಕೇ ಆರ್ಬಸ್ಕ್ಯೂಲ್ ಅನ್ನುವುದು, ಕೊಡು ಕೊಳ್ಳು ನಡೆಯುವುದು ಅಲ್ಲೇ, ಅದರ ಆಯಸ್ಸು ಕೆಲವೇ ದಿನ. ಮೊದಲ ಟ್ರೇಯ ಬೇರು ಖಾಲಿ. ಎರಡೂ ಮೂರೂ ನೀಲಿ.

ಇಷ್ಟು ಚೆನ್ನಾಗಿದ್ದರೆ ಮೂರೇ ಸ್ಟಾರ್ ಯಾಕೆ ಅಂತ ಕೇಳಬಹುದು. ಗದ್ದೆಗೆ ಇಳಿದ ಮೇಲೆ ಆಟವೇ ಬೇರೆ. ನೆಟ್ಟ ಮೊದಲ ಎರಡು ಮೂರು ವಾರ ವ್ಯಾಮ್ ಸಸಿಗಳು ಮುಂದೆ ಇದ್ದವು, ಕಡಿಮೆ ಬಾಡಿದವು. ಜನವರಿ ಹೊತ್ತಿಗೆ ಕಾಯಿ ಲೆಕ್ಕದಲ್ಲಿ ಎಲ್ಲಾ ಸಾಲೂ ಹೆಚ್ಚು ಕಡಿಮೆ ಒಂದೇ. ಮೊದಲ ಟ್ರೇಯ ಗಿಡದ ಬೇರನ್ನೂ ಮತ್ತೆ ಕಳುಹಿಸಿದೆ, ಅದೂ ನೀಲಿ! ಮಳೆಗಾಲದಲ್ಲಿ ನೀರು ನಿಂತ ಗದ್ದೆಯಲ್ಲಿ ಈ ಶಿಲೀಂಧ್ರ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಹುಣಿಯ ಹುಲ್ಲಿನಲ್ಲಿ ಅದು ಇದ್ದೇ ಇರುತ್ತದೆ. ಮೊದಲೇ ಇರುವ ಜಾಗಕ್ಕೆ ಪ್ಯಾಕೆಟ್ ತಂದು ಸುರಿಯುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ.

ಇನ್ನು ಡಿಎಪಿ. ಒಂದು ಸಾಲಿಗೆ ಅಂಗಡಿಯವರ ಮಾತಿನಂತೆ ಎರಡೂ ಸೇರಿಸಿ ಹಾಕಿದ್ದೆ. ಆ ಬೇರಿನಲ್ಲಿ ನೀಲಿ ಹುಡುಕಬೇಕಾಯಿತು. ರಂಜಕ ಕೈಗೇ ಸಿಗುತ್ತಿದ್ದರೆ ಗಿಡ ಯಾಕೆ ಗೇಣಿ ಕೊಡುತ್ತದೆ? ಒಳಗೆ ಬಿಡುವುದೇ ಕಡಿಮೆ. ಗಿಡ ಮಾತ್ರ ಚೆನ್ನಾಗಿಯೇ ಇತ್ತು, ಅದನ್ನೂ ಹೇಳಬೇಕು, ಆದರೆ ಅದು ಡಿಎಪಿಯ ಕೆಲಸ. ಹಾಗಾಗಿ ಎರಡರಲ್ಲಿ ಒಂದಕ್ಕೆ ದುಡ್ಡು ಹಾಕಿ. ಬುಡಕ್ಕೆ ಕಾರ್ಬೆಂಡಜಿಮ್ ಹೊಯ್ಯುವವರೂ ಇದರ ಆಸೆ ಬಿಡಬಹುದು, ಶಿಲೀಂಧ್ರ ಕೊಲ್ಲುವ ಮದ್ದು ಒಳ್ಳೆಯದು ಕೆಟ್ಟದು ಅಂತ ನೋಡುವುದಿಲ್ಲ.

"ಎಲ್ಲಾ ಬೆಳೆಗೂ" ಅನ್ನುವುದು ಶುದ್ಧ ಸುಳ್ಳು. ಮೂಲಂಗಿ, ಸಾಸಿವೆ, ಎಲೆಕೋಸು, ಹೂಕೋಸು, ಈ ಬಳಗ ವ್ಯಾಮ್ ಜೊತೆ ಸೇರುವುದೇ ಇಲ್ಲ. ಪಾಲಕ್, ಬೀಟ್‌ರೂಟ್ ಕೂಡ ಹಾಗೇ. ನಾನು ಮೂಲಂಗಿ ಸಾಲಿಗೂ ಒಂದು ಹಿಡಿ ಹಾಕಿ ಕಾದು ಕೂತಿದ್ದೆ ಅಂತ ಹೇಳಲು ನಾಚಿಕೆ.

ಒಬ್ಬರು ಪರಿಚಯದವರು ಕೇಳಿದರು, ಇದನ್ನು ಹಾಕಿದರೆ ಮಳೆ ಬಂದಾಗ ಕಲ್ಲಣಬೆ ಏಳುತ್ತದಾ ಅಂತ. ಇಲ್ಲ ಮಾರಾಯ್ರೆ. ಕಲ್ಲಣಬೆಯೂ ಬೇರಿನ ನೆಂಟನೇ, ಆದರೆ ಅದು ಕಾಡಿನ ಧೂಪ, ಬೋಗಿ ಮರಗಳ ಬೇರಿಗೆ ಹೊರಗಿನಿಂದ ಸುತ್ತಿಕೊಳ್ಳುವ ಬೇರೆಯೇ ಜಾತಿ. ವ್ಯಾಮ್ ಅಣಬೆ ಬಿಡುವುದಿಲ್ಲ, ಪಲ್ಯ ಆಗುವುದಿಲ್ಲ.

ಯಾರು ತೆಗೆದುಕೊಳ್ಳಬಹುದು ಅಂದರೆ ತಾರಸಿಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಮೆಣಸು, ಟೊಮೆಟೊ ಬೆಳೆಸುವವರು, ನರ್ಸರಿಯವರು, ಸುಡುಮಣ್ಣಿನಲ್ಲಿ ಸಸಿ ಮಾಡುವವರು. ಕಿಲೋ ಪ್ಯಾಕೆಟ್ ಬೇಡ, ಸಣ್ಣದು ಸಿಕ್ಕಿದರೆ ಅದನ್ನೇ ತನ್ನಿ. ಅಥವಾ ಅಮ್ಮನ ದಾರಿ ಹಿಡಿಯಿರಿ, ಹುಲ್ಲಿನ ಬುಡದ ಮಣ್ಣು ಎರಡು ಮುಷ್ಟಿ. ಬದನೆ ಸೊರಗಿ ಸತ್ತ ಜಾಗದ್ದು ಮಾತ್ರ ಬೇಡ, ರೋಗವೂ ಸಸಿಯ ಜೊತೆಗೇ ಬರುತ್ತದೆ.

ನನ್ನ ಪ್ಯಾಕೆಟ್ಟಿನಲ್ಲಿ ಇನ್ನೂ ಅರ್ಧ ಉಳಿದಿದೆ, ಬಾಯಿ ಕಟ್ಟಿ ಅಟ್ಟದ ಕೆಳಗೆ ನೆರಳಿನಲ್ಲಿ ಇಟ್ಟಿದ್ದೇನೆ. ಕಾಳುಮೆಣಸಿನ ಬಳ್ಳಿ ತುಂಡು ಮಾಡಿ ಚೀಲಕ್ಕೆ ಹಾಕುವಾಗ ಬುಡಕ್ಕೆ ಒಂದೊಂದು ಚಮಚ ಹಾಕಿ ನೋಡುವುದು. ಬೇರು ಬಂದ ಮೇಲೆ ಮತ್ತೆ ಇಂಕು, ವಿನೆಗರ್.