ಮೈಎಸ್‌ಕ್ಯುಎಲ್ 8: ಕನ್ನಡಕ್ಕೆ ಎನ್‌ಕೋಡಿಂಗ್ ಸರಿ, ಡಿಫಾಲ್ಟ್ ಕೊಲೇಷನ್ ತಪ್ಪು

ಮೈಎಸ್‌ಕ್ಯುಎಲ್ ಒಂದು ಡೇಟಾಬೇಸ್ ತಂತ್ರಾಂಶ. ಎನ್‌ಕೋಡಿಂಗ್ (ಇಲ್ಲಿ ಚಾರ್‌ಸೆಟ್ ಎಂದರೂ ಅದೇ) ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ; ಕೊಲೇಷನ್ ಅಂದರೆ ಅವನ್ನು ಹೋಲಿಸುವ, ಕ್ರಮವಾಗಿ ಜೋಡಿಸುವ ನಿಯಮ.

ಬಳಕೆ: ಪುಣೆಯ ಕನ್ನಡ ಸಂಘವೊಂದರ ಗ್ರಂಥಾಲಯದ ಕ್ಯಾಟಲಾಗ್ ಮತ್ತು ಸದಸ್ಯರ ಪಟ್ಟಿ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಒಂದೇ ಟೇಬಲಿನಲ್ಲಿ. ಸೋರ್ಸ್‌ನಿಂದ ಬಿಲ್ಡ್ ಮಾಡಿದ್ದು, ಮೊದಲು 8.0, ಈಗ 8.4. ರೇಟಿಂಗ್: ಐದಕ್ಕೆ ಮೂರೂವರೆ.

ಒಳ್ಳೆಯದನ್ನು ಮೊದಲು ಹೇಳಿಬಿಡೋಣ. 5.7ರವರೆಗೆ ಏನನ್ನೂ ಸೂಚಿಸದೆ ಬಿಲ್ಡ್ ಮಾಡಿದರೆ ಲ್ಯಾಟಿನ್1 (ಪಶ್ಚಿಮ ಯುರೋಪಿನ ಭಾಷೆಗಳ ಎನ್‌ಕೋಡಿಂಗ್) ಬಂದು ಕೂರುತ್ತಿತ್ತು, ಜೊತೆಗೆ ಸ್ವೀಡಿಷ್ ಕೊಲೇಷನ್. 2018ರ 8.0ರಿಂದ ಡಿಫಾಲ್ಟ್ ಯುಟಿಎಫ್8ಎಂಬಿ4, ಅಂದರೆ ಯೂನಿಕೋಡಿನ ಎಲ್ಲ ಲಿಪಿಗಳನ್ನೂ ಹಿಡಿಯುವ ಎನ್‌ಕೋಡಿಂಗ್. ಕನ್ನಡವಾಗಲಿ ದೇವನಾಗರಿಯಾಗಲಿ, ಕಾಣೆಯಾಗುವ ಭಯವಿಲ್ಲ. ಕಾಲಮ್ಮಿನ ಅಳತೆ ಮಾತ್ರ ಉದಾರವಾಗಿರಲಿ: 'ಶ್ರೀನಿವಾಸ' ಕಣ್ಣಿಗೆ ನಾಲ್ಕಕ್ಷರ, ವಾರ್‌ಚಾರ್ (ಪಠ್ಯ ಇಡುವ ಕಾಲಮ್) ಲೆಕ್ಕದಲ್ಲಿ 9, ಡಿಸ್ಕಿನಲ್ಲಿ 27 ಬೈಟ್. ಒತ್ತು, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ ಎಣಿಕೆ. ಪೂರ್ತಿ ಹೆಸರಿಗೆ 100ಕ್ಕಿಂತ ಕಡಿಮೆ ಇಡಬೇಡಿ.

ತೊಂದರೆ ಇರುವುದು ಕೊಲೇಷನ್ನಿನಲ್ಲಿ. ಡಿಫಾಲ್ಟ್ ಆಗಿ ಬರುವುದು ಯುಟಿಎಫ್8ಎಂಬಿ4_0900_ಎಐ_ಸಿಐ (ಎಐ ಎಂದರೆ ಅಕ್ಷರಕ್ಕೆ ಸೇರುವ ಉಚ್ಚಾರ ಚಿಹ್ನೆಗಳನ್ನು, ಸಿಐ ಎಂದರೆ ದೊಡ್ಡಕ್ಷರ–ಚಿಕ್ಕಕ್ಷರವನ್ನು ಗಣಿಸದ್ದು). ಇಲ್ಲಿ ಹೋಲಿಕೆ ನಡೆಯುವುದು ಯೂನಿಕೋಡ್ ಕೊಲೇಷನ್ನಿನ ಮೊದಲ ಹಂತದ ತೂಕದಲ್ಲಿ, ಅಂದರೆ ಮೂಲ ಅಕ್ಷರ ಯಾವುದೆಂಬುದರಲ್ಲಿ ಮಾತ್ರ. ಅನುಸ್ವಾರ, ವಿಸರ್ಗಗಳಿಗೆ ತೂಕ ಇರುವುದು ಎರಡನೆಯ ಹಂತದಲ್ಲಿ. ಹಾಗಾಗಿ ಅಗಡಿ ಮತ್ತು ಅಂಗಡಿ ಅದಕ್ಕೆ ಒಂದೇ! ಉತ್ತರ ಕರ್ನಾಟಕದಿಂದ ಪುಣೆಗೆ ಬಂದವರಲ್ಲಿ ಈ ಎರಡೂ ಅಡ್ಡಹೆಸರುಗಳಿವೆ. ಅಗಡಿ ಎಂದು ಹುಡುಕಿದರೆ ಅಂಗಡಿಯವರೂ ಬರುತ್ತಾರೆ. ಆ ಕಾಲಮ್ಮಿಗೆ ಯುನೀಕ್ ಕೀ (ಒಂದೇ ಮೌಲ್ಯ ಎರಡು ಸಲ ಬರಬಾರದೆಂಬ ನಿಯಮ) ಇದ್ದರೆ ಎರಡನೆಯವರನ್ನು ಸೇರಿಸುವಾಗ ಎರರ್ 1062, ಡೂಪ್ಲಿಕೇಟ್ ಎಂಟ್ರಿ. ಮಗ–ಮಂಗ, ಗಡ–ಗಂಡ, ಎಲ್ಲದರದ್ದೂ ಇದೇ ಗತಿ, ಮರಾಠಿಯ ಅನುಸ್ವಾರದ್ದೂ ಅಷ್ಟೇ. ಕನ್ನಡದ ಯಾವ ಕೆಲಸಕ್ಕೂ ಈ ಡಿಫಾಲ್ಟ್ ಬೇಡವೇ ಬೇಡ.

ನಾವು ಬಳಸುವುದು ಯುಟಿಎಫ್8ಎಂಬಿ4_0900_ಎಎಸ್_ಸಿಐ. ಅನುಸ್ವಾರವನ್ನು ಗುರುತಿಸುತ್ತದೆ, ಇಂಗ್ಲಿಷಿನ ದೊಡ್ಡಕ್ಷರ–ಚಿಕ್ಕಕ್ಷರದ ಗೊಡವೆಗೆ ಹೋಗುವುದಿಲ್ಲ. ಬಿಲ್ಡ್ ಮಾಡುವಾಗ ಸಿಮೇಕ್ ಎಂಬ ಬಿಲ್ಡ್ ಉಪಕರಣಕ್ಕೆ ಡಿಫಾಲ್ಟ್_ಚಾರ್‌ಸೆಟ್, ಡಿಫಾಲ್ಟ್_ಕೊಲೇಷನ್ ಎರಡನ್ನೂ ಕೊಡಿ. ಸೆಟ್ಟಿಂಗ್ ಕಡತವಾದ ಮೈ.ಸಿಎನ್‌ಎಫ್‌ನಲ್ಲೂ ಸರ್ವರ್‌ನ ಚಾರ್‌ಸೆಟ್, ಕೊಲೇಷನ್ ಎರಡನ್ನೂ ಮತ್ತೆ ಬರೆಯಿರಿ; ಅಲ್ಲಿ ಚಾರ್‌ಸೆಟ್ ಒಂದನ್ನೇ ಬರೆದರೆ ಕೊಲೇಷನ್ ಹಳೆಯ ಎಐ_ಸಿಐಗೆ ಮರಳುತ್ತದೆ.

ಇಷ್ಟಾದರೂ ಒಂದು ಹಳ್ಳ ಉಳಿಯುತ್ತದೆ. ಕ್ರಿಯೇಟ್ ಟೇಬಲ್‌ನಲ್ಲಿ ಯಾರಾದರೂ ಚಾರ್‌ಸೆಟ್ ಯುಟಿಎಫ್8ಎಂಬಿ4 ಎಂದಷ್ಟೇ ಬರೆದು ಕೊಲೇಷನ್ ಬಿಟ್ಟರೆ, ನಿಮ್ಮ ಬಿಲ್ಡ್ ಸೆಟ್ಟಿಂಗನ್ನು ಮೈಎಸ್‌ಕ್ಯುಎಲ್ ನೋಡುವುದೇ ಇಲ್ಲ, ಆ ಚಾರ್‌ಸೆಟ್ಟಿನ ಸ್ವಂತ ಡಿಫಾಲ್ಟನ್ನೇ ಹಾಕುತ್ತದೆ. ಮುಂದೆ ಎರಡು ಟೇಬಲ್ ಜಾಯಿನ್ ಮಾಡುವಾಗ ಎರರ್ 1267, ಇಲ್ಲೀಗಲ್ ಮಿಕ್ಸ್ ಆಫ್ ಕೊಲೇಷನ್ಸ್. ಆದ್ದರಿಂದ ಪ್ರತಿ ಟೇಬಲಿನಲ್ಲೂ ಕೊಲೇಟ್ ಬರೆಯುವುದೇ ಕ್ಷೇಮ. ಸರ್ವರ್ ಸೆಟ್ಟಿಂಗ್ ಬದಲಾಯಿಸಿದರೆ ಹಳೆಯ ಟೇಬಲ್‌ಗಳು ತಾವಾಗಿ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ. ಅವಕ್ಕೆ ಆಲ್ಟರ್ ಟೇಬಲ್ ಬೇಕು.

ಅಕಾರಾದಿಯ ವಿಷಯದಲ್ಲಿ ಮೈಎಸ್‌ಕ್ಯುಎಲ್ ಸೋಲುತ್ತದೆ. ಅದರಲ್ಲಿ ಕನ್ನಡದ್ದೇ ಆದ ಕೊಲೇಷನ್ ಇಲ್ಲ. ಕಂಬ ಎಂಬುದು 'ಕಬ'ದ ಜಾಗದಲ್ಲಿ, ಅಂದರೆ ಕಪಿ ಆದಮೇಲೆ ಬಂದು ನಿಲ್ಲುತ್ತದೆ. ಕಕ್ಷೆಗಿಂತ ಮುಂಚೆ ಹುಡುಕುವ ಓದುಗನಿಗೆ ಸಿಗುವುದಿಲ್ಲ. ಅರ್ಧ ಅಂಕ ಹೋದದ್ದು ಇದಕ್ಕೇ. ಕ್ರಮ ಮುಖ್ಯವಾದರೆ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಉತ್ತಮ: ಐಸಿಯು ಎಂಬ ಯೂನಿಕೋಡ್ ಲೈಬ್ರರಿ ಸೇರಿಸಿ ಬಿಲ್ಡ್ ಮಾಡಿದ್ದರೆ (16ರಿಂದ ಅದು ತಾನಾಗಿಯೇ ಸೇರುತ್ತದೆ) ಕೆಎನ್-ಎಕ್ಸ್-ಐಸಿಯು ಕೊಲೇಷನ್ ಅನುಸ್ವಾರವನ್ನು ಔ ಆದಮೇಲೆ, ಕಕಾರಕ್ಕೆ ಮೊದಲು ಇಡುತ್ತದೆ. ಅಲ್ಲಿ ಎಚ್ಚರ ಬೇಕಾದದ್ದು ಇನಿಟ್‌ಡಿಬಿ (ಪೋಸ್ಟ್‌ಗ್ರೆಸ್ಸನ್ನು ಮೊದಲ ಸಲ ಸಜ್ಜುಗೊಳಿಸುವ ಆದೇಶ) ಓಡಿಸುವಾಗ. ಲೊಕೇಲ್ 'ಸಿ' ಆಗಿದ್ದು ನೀವು ಎನ್‌ಕೋಡಿಂಗ್ ಹೇಳದಿದ್ದರೆ ಎಸ್‌ಕ್ಯುಎಲ್_ಆಸ್ಕಿ ಆಗುತ್ತದೆ, ಯಾವ ಬೈಟ್ ಕೊಟ್ಟರೂ ಪ್ರಶ್ನಿಸದೆ ನುಂಗುತ್ತದೆ. ಒಮ್ಮೆ ಸೃಷ್ಟಿಯಾದ ಡೇಟಾಬೇಸಿನ ಎನ್‌ಕೋಡಿಂಗ್ ಬದಲಾಯಿಸಲು ಬರುವುದಿಲ್ಲ. ಟೆಂಪ್ಲೇಟ್0 ಎಂಬ ಖಾಲಿ ಮಾದರಿಯಿಂದ ಹೊಸದನ್ನು ಮಾಡಿ ಹಳೆಯದರ ಡಂಪ್ ತುಂಬಬೇಕು.

ಹಳೆಯ ಲ್ಯಾಟಿನ್1 ಸರ್ವರ್‌ನಿಂದ ಬರುವವರು ಮೊದಲು ಬ್ಯಾಕಪ್ ತೆಗೆಯಿರಿ, ಆಮೇಲೆ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ನಿನಿಂದ 'ಕ' ಇರುವ ಒಂದು ಸಾಲು ನೋಡಿ. ಇ0 ಬಿ2 95 ಕಂಡರೆ ಬೈಟ್‌ಗಳು ಸರಿಯಿವೆ, ಹಣೆಪಟ್ಟಿ ಮಾತ್ರ ತಪ್ಪು: ಕಾಲಮನ್ನು ವಾರ್‌ಬೈನರಿಗೆ (ಎನ್‌ಕೋಡಿಂಗ್ ಇಲ್ಲದ ಬರೀ ಬೈಟ್‌ಗಳು) ಬದಲಿಸಿ, ಅಲ್ಲಿಂದ ಯುಟಿಎಫ್8ಎಂಬಿ4 ವಾರ್‌ಚಾರ್‌ಗೆ ತನ್ನಿ. ನೇರವಾಗಿ ಕನ್ವರ್ಟ್ ಟು ಕೊಟ್ಟಿರೋ, ಅದೇ 'ಕ' ಸಿ3 ಎ0 ಸಿ2 ಬಿ2 ಇ2 80 ಎ2 ಆಗಿ ಎರಡೆರಡು ಸಲ ಎನ್‌ಕೋಡ್ ಆಗುತ್ತದೆ. ಇದನ್ನು ಲ್ಯಾಟಿನ್1ಕ್ಕೆ ಮರಳಿಸಿ, ಬೈನರಿಗೆ ಕಾಸ್ಟ್ ಮಾಡಿ, ಮತ್ತೆ ಯುಟಿಎಫ್8ಎಂಬಿ4 ಎಂದು ಓದಿಸಿದರೆ ಸರಿಹೋಗುತ್ತದೆ. ಬರೀ 3ಎಫ್ ಕಂಡರೆ ಅದು ಪ್ರಶ್ನೆಚಿಹ್ನೆ; ಅಕ್ಷರ ಬರೆಯುವಾಗಲೇ ಕಳೆದುಹೋಗಿದೆ, ಆ ಸಾಲುಗಳನ್ನು ಪುಸ್ತಕ ನೋಡಿಯೇ ಮತ್ತೆ ಟೈಪ್ ಮಾಡಬೇಕು.